ಹಳೆಯ ಕಾರೂ ವಿಸ್ತರಿತ ವಾರಂಟಿಯೂ

ಸುಣ್ಣಕಲ್ಲಿನ ಪದರಗಳ ಮೇಲೆ ಕರಿಯ ಎರೆಮಣ್ಣು ಹರಡಿಕೊಂಡಿರುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯಲ್ಲಿ ಮೋಟಾರು ವಾಹನದ ಆಯುಷ್ಯವನ್ನು ಅದನ್ನು ನಿರ್ಮಿಸಿದ ಕಾರ್ಖಾನೆಯೊಂದೇ ನಿರ್ಣಯಿಸಲಾರದು. ಅದು ಓಡಾಡುವ ನೆಲವೂ ಆ ನಿರ್ಣಯದಲ್ಲಿ ಪಾಲುಗೊಳ್ಳುತ್ತದೆ. ಮಳೆಗಾಲದಲ್ಲಿ ನೀರುಂಡು ಉಬ್ಬಿ, ಬೇಸಗೆಯಲ್ಲಿ ಒಣಗಿ ಬಿರಿಯುವ ಎರೆನೆಲದ ಮೇಲೆ ಹಾಸಿದ ಡಾಂಬರು ಕೆಲವೇ ವರ್ಷಗಳಲ್ಲಿ ಅಲೆಯಲೆಯಾಗಿ ಏಳುತ್ತದೆ. ಶಹಾಬಾದಿನ ಹಾಸುಗಲ್ಲನ್ನೂ, ವಾಡಿ, ಸೇಡಂ, ಮಳಖೇಡಗಳ ಸಿಮೆಂಟನ್ನೂ ಹೊತ್ತ ಭಾರಿ ಲಾರಿಗಳು ಹಗಲಿರುಳೆನ್ನದೆ ಅದೇ ರಸ್ತೆಗಳನ್ನು ತುಳಿಯುತ್ತವೆ. ಕಲ್ಲಿನ ಗಣಿಗಳಿಂದೆದ್ದ ನಯವಾದ ಧೂಳು ಏರ್ ಫಿಲ್ಟರಿನಿಂದ ಮೊದಲ್ಗೊಂಡು ಎ.ಸಿ.ಯ ಕಂಡೆನ್ಸರಿನವರೆಗೆ ಸಂದುಸಂದುಗಳಲ್ಲಿ ಸೇರಿಕೊಳ್ಳುತ್ತದೆ. ಇವೆಲ್ಲಕ್ಕೂ ಮಿಗಿಲಾಗಿ, ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿಯನ್ನು ಮೀರಿ ನಿಲ್ಲುವ ಬಿಸಿಲು ರೇಡಿಯೇಟರನ್ನೂ ಬ್ಯಾಟರಿಯನ್ನೂ ರಬ್ಬರಿನ ಕೊಳವೆಗಳನ್ನೂ ದಿನದಿನವೂ ದಣಿಸುತ್ತದೆ.

ಈ ನೆಲದಲ್ಲಿ ಬಾಳುವ ಸಿಮೆಂಟ್ ಕಾರ್ಖಾನೆಯ ನೌಕರನೂ, ವಾಡಿ ಜಂಕ್ಷನ್ನಿನ ರೈಲ್ವೆ ಸಿಬ್ಬಂದಿಯೂ, ತಾಲ್ಲೂಕು ಶಾಲೆಯ ಮಾಸ್ತರರೂ, ತೊಗರಿಯ ರಾಶಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಕೈಗೆ ಇಡಿಗಂಟು ಬರುವ ರೈತನೂ, ಮನೆಗೊಂದು ಕಾರು ಬೇಕೆಂದು ನಿಶ್ಚಯಿಸಿದಾಗ, ಹೊಸ ಗಾಡಿಯ ಬೆಲೆ ನಿಲುಕದಿರುವುದರಿಂದ ಸಾಮಾನ್ಯವಾಗಿ ಹಳೆಯ ಗಾಡಿಯ ಕಡೆಗೇ ತಿರುಗುತ್ತಾರೆ. ಕಲಬುರಗಿಯಲ್ಲಿ ಸಿಗದಿದ್ದರೆ ಹೈದರಾಬಾದು ಹತ್ತಿರವೇ ಉಂಟು. ಸೊಲ್ಲಾಪುರವೂ ಬಹಳ ದೂರವಲ್ಲ. “ಗಾಡಿ ಭಾಳ ಛಲೋ ಅದರೀ ಸರ, ಒಬ್ರೇ ನಡಸ್ಯಾರ” ಎಂಬ ಏಜೆಂಟನ ಮಾತಿನೊಂದಿಗೆ ಆರಂಭವಾಗುವ ವ್ಯಾಪಾರವು ಮುಗಿಯುವ ಹೊತ್ತಿಗೆ, ಬೆಲೆಯೆಲ್ಲ ಕುದುರಿದ ಮೇಲೆ, ಕೊಳ್ಳುವವನ ಮುಂದೆ ಇನ್ನೊಂದು ಕಾಗದ ಬಂದು ಕೂರುತ್ತದೆ: ಇಷ್ಟು ಸಾವಿರ ಹೆಚ್ಚಿಗೆ ಕೊಟ್ಟರೆ ಒಂದು ವರ್ಷವೋ ಎರಡು ವರ್ಷವೋ ಗಾಡಿಗೆ ಏನೇ ಆದರೂ ಚಿಂತೆಯಿಲ್ಲ ಎಂಬ ಭರವಸೆಯ ಕಾಗದ. ಅದೇ ವಿಸ್ತರಿತ ವಾರಂಟಿ. ಅದನ್ನು ಕೊಳ್ಳುವುದು ಯುಕ್ತವೆ, ಅಯುಕ್ತವೆ ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಆದರೆ ತಕ್ಕ ಉತ್ತರವನ್ನು ಕಂಡುಕೊಳ್ಳುವ ಕ್ರಮವೊಂದು ನಿಶ್ಚಯವಾಗಿಯೂ ಇದೆ.

ಕೊಂಡವನ ಕಳವಳ, ಹಳೆಯ ನ್ಯಾಯ

ಕಣ್ಣಿಗೆ ಕಾಣದ ದೋಷವುಳ್ಳ ವಸ್ತುವನ್ನು ಕೊಂಡವನ ಕಳವಳ ಈ ನಾಡಿಗೆ ಹೊಸತಲ್ಲ. ಶಹಾಬಾದಿನ ಸಮೀಪದ ಮರತೂರಿನೊಡನೆ ಈ ಸೀಮೆಯ ಜನರು ಹೆಮ್ಮೆಯಿಂದ ಸೇರಿಸಿ ಹೇಳುವ ಹೆಸರು ವಿಜ್ಞಾನೇಶ್ವರನದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಎಂದರೆ 1076ರಿಂದ 1126ರವರೆಗಿನ ಆ ದೀರ್ಘ ಆಳ್ವಿಕೆಯ ಕಾಲದಲ್ಲಿ, ಆತನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನವು ದಾಯಭಾಗದ ವಿಷಯದಲ್ಲಿ ಭಾರತದ ಬಹುಭಾಗಕ್ಕೆ ಪ್ರಮಾಣವಾಯಿತೆಂಬುದನ್ನು ಎಲ್ಲರೂ ಬಲ್ಲರು. ಅದೇ ಸ್ಮೃತಿಯಲ್ಲಿ ಕ್ರಯವಿಕ್ರಯದ ಪ್ರಕರಣಗಳೂ ಉಂಟೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಕೊಂಡ ಮೇಲೆ ಪರೀಕ್ಷಿಸಿ ನೋಡಲು ಬೀಜಕ್ಕೆ 10 ದಿನ, ಲೋಹಕ್ಕೆ 1 ದಿನ, ಭಾರ ಹೊರುವ ಪಶುವಿಗೆ 5 ದಿನ, ರತ್ನಕ್ಕೆ 7 ದಿನ, ಕರೆಯುವ ಹಸುವಿಗೆ 3 ದಿನ ಎಂದು ಆ ಸ್ಮೃತಿ ಅವಧಿಗಳನ್ನು ಗೊತ್ತುಪಡಿಸುತ್ತದೆ. ದೋಷವುಳ್ಳದ್ದನ್ನು ದೋಷವಿಲ್ಲದ್ದೆಂದು ನಂಬಿಸಿ ಮಾರಿದವನಿಗೆ ಬೆಲೆಯ ಇಮ್ಮಡಿ ದಂಡವನ್ನು ವಿಧಿಸುತ್ತದೆ. ಇದರ ಜೊತೆಗೆ ನಾರದ ಸ್ಮೃತಿಯ ನಿಯಮವನ್ನೂ ನೆನೆಯಬೇಕು: ಮೊದಲೇ ಗುಣದೋಷಗಳನ್ನು ತಾನೇ ಪರೀಕ್ಷಿಸಿ, ಒಪ್ಪಿ ಕೊಂಡವನು ಆ ವಸ್ತುವನ್ನು ಹಿಂತಿರುಗಿಸುವಂತಿಲ್ಲ. ಕೊಳ್ಳುವವನಿಗೆ ರಕ್ಷಣೆ ಉಂಟು, ಆದರೆ ಪರೀಕ್ಷಿಸುವ ಹೊಣೆಯೂ ಉಂಟು ಎಂಬುದು ಈ ಎರಡರ ಒಟ್ಟು ತಾತ್ಪರ್ಯ.

ಇಂದಿನ ಕಾನೂನೂ ಈ ನಿಲುವಿನಿಂದ ಬಹುದೂರ ಸರಿದಿಲ್ಲ. 1930ರ ಸರಕು ಮಾರಾಟ ಅಧಿನಿಯಮದ 16ನೆಯ ಪ್ರಕರಣದ ಮೂಲಸೂತ್ರ, ಕೊಳ್ಳುವವನು ತಾನೇ ಎಚ್ಚರ ವಹಿಸತಕ್ಕದ್ದು ಎಂಬುದು; ಆ ಬಗೆಯ ಸರಕನ್ನೇ ಮಾರುವ ವ್ಯಾಪಾರಿಯಿಂದ ವಿವರಣೆಯ ಮೇಲೆ ಕೊಂಡಾಗ, ಅಥವಾ ತನಗೆ ಬೇಕಾದ ಉದ್ದೇಶವನ್ನು ತಿಳಿಸಿ ಆತನ ಪರಿಣತಿಯನ್ನು ನಂಬಿ ಕೊಂಡಾಗ ಮಾತ್ರ ಕೆಲವು ಅಪವಾದಗಳುಂಟು. ಪರಿಚಯದ ಒಬ್ಬ ಮಾಸ್ತರರಿಂದ ಅವರ ಸ್ವಂತ ಕಾರನ್ನು ಕೊಂಡವನಿಗೆ, ಬರಹದಲ್ಲಿ ಏನನ್ನೂ ಮಾಡಿಕೊಳ್ಳದಿದ್ದರೆ, ಕಾನೂನಿನ ಆಸರೆ ಅತ್ಯಲ್ಪ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಹಳೆಯ ಕಾರುಗಳ ಪೇಟೆಯನ್ನೇ ನಿದರ್ಶನವಾಗಿ ತೆಗೆದುಕೊಂಡು ಈ ಸಂಗತಿಯ ಮರ್ಮವನ್ನು ಬಿಡಿಸಿ ತೋರಿಸಿತು. ಮಾರುವವನಿಗೆ ತನ್ನ ಗಾಡಿಯ ಒಳಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಎಲ್ಲ ಗಾಡಿಗೂ ಸಾಧಾರಣ ಬೆಲೆಯನ್ನೇ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯ ಒಡೆಯನು ಮಾರಲು ಮನಸ್ಸು ಮಾಡನು. ಹೀಗೆ ಪೇಟೆಯಲ್ಲಿ ಕೆಟ್ಟದ್ದೇ ಉಳಿಯುತ್ತ ಹೋಗುತ್ತದೆ. ಈ ವಿಷಚಕ್ರವನ್ನು ಮುರಿಯುವ ಸಾಧನಗಳಲ್ಲೊಂದು ಖಾತರಿ ಎಂದು ಆತನು ಹೇಳಿದನು. 2001ರಲ್ಲಿ ಆತನಿಗೆ ದೊರೆತ ನೊಬೆಲ್ ಪಾರಿತೋಷಕಕ್ಕೆ ಈ ವಿಚಾರಸರಣಿಯೇ ಆಧಾರ. ಇಲ್ಲಿ ನಾವು ಗಮನಿಸಬೇಕಾದ ಸೂಕ್ಷ್ಮವೊಂದಿದೆ: ಮಾರುವವನು ಬೆಲೆಯೊಳಗೇ ಸೇರಿಸಿ ತಾನಾಗಿ ಕೊಡುವ ಖಾತರಿಯು ಆ ಗಾಡಿಯ ವಿಷಯದಲ್ಲಿ ಅವನಿಗಿರುವ ವಿಶ್ವಾಸಕ್ಕೆ ಸಾಕ್ಷಿ, ಕೊಳ್ಳುವವನು ಪ್ರತ್ಯೇಕ ಹಣ ತೆತ್ತು ಪಡೆಯುವ ಖಾತರಿಯು ಅಂಥ ಸಾಕ್ಷಿಯಾಗಲಾರದು, ಅದು ವಿಮೆಯ ಜಾತಿಗೆ ಸೇರಿದ ಒಂದು ಸರಕು. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಎಷ್ಟೋ ಜನ ಮೊದಲನೆಯದರ ನೆಮ್ಮದಿಯನ್ನು ಎರಡನೆಯದರಲ್ಲಿ ಹುಡುಕಿ ನಿರಾಶರಾಗುತ್ತಾರೆ.

ಕಾಗದದ ಹಿಂದೆ ನಿಂತವರು ಯಾರು?

ಆದಕಾರಣ ಮೊದಲು ವಿಚಾರಿಸತಕ್ಕದ್ದು, ಈ ವಾಗ್ದಾನವನ್ನು ಮಾಡುತ್ತಿರುವವರು ಯಾರು ಎಂಬುದನ್ನು. ಇಂಥ ಕಾಗದಗಳು ಸ್ಥೂಲವಾಗಿ ಮೂರು ಬಗೆ.

ಮೊದಲನೆಯದು ಕಾರು ತಯಾರಿಸಿದ ಕಂಪನಿಯ ವಾರಂಟಿ. ಹೊಸ ಕಾರಿನ ಮೂಲ ವಾರಂಟಿ ಮುಗಿಯುವ ಮೊದಲೇ ಹಣ ಕಟ್ಟಿ ವಿಸ್ತರಿಸಿಕೊಳ್ಳುವ ಅವಕಾಶವನ್ನು ಬಹುತೇಕ ಕಂಪನಿಗಳು ಕೊಡುತ್ತವೆ. ನಿದರ್ಶನಕ್ಕೆ, ಮಾರುತಿ ಸುಜುಕಿ ಕಂಪನಿಯು 2024ರ ಜುಲೈಯಲ್ಲಿ ತನ್ನ ಮೂಲ ವಾರಂಟಿಯನ್ನು 2 ವರ್ಷ ಅಥವಾ 40,000 ಕಿಲೋಮೀಟರಿನಿಂದ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರಿಗೆ ಏರಿಸಿ, ವಿಸ್ತರಣೆಯನ್ನು 6 ವರ್ಷ ಅಥವಾ 1.6 ಲಕ್ಷ ಕಿಲೋಮೀಟರಿನವರೆಗೆ ಪಡೆಯಬಹುದೆಂದು ಪ್ರಕಟಿಸಿತು; ವರ್ಷ, ಕಿಲೋಮೀಟರುಗಳಲ್ಲಿ ಯಾವುದು ಮೊದಲು ತೀರುವುದೋ ಅಲ್ಲಿಗೆ ಖಾತರಿ ಮುಗಿಯಿತು. ಮೊದಲ ಒಡೆಯನು ಇಂಥ ವಿಸ್ತರಣೆಯನ್ನು ಕೊಂಡಿದ್ದು, ಅದು ಇನ್ನೂ ಉಳಿದಿದ್ದು, ಕೊಳ್ಳುವವನ ಹೆಸರಿಗೆ ವರ್ಗವಾಗುವಂತಿದ್ದರೆ, ಅದು ಗಾಡಿಯೊಂದಿಗೆ ಬಂದ ನಿಜವಾದ ಆಸ್ತಿ. ಆರ್.ಸಿ. (ನೋಂದಣಿ ಪತ್ರ) ತನ್ನ ಹೆಸರಿಗೆ ಆದೊಡನೆ ಅಧಿಕೃತ ಡೀಲರರಲ್ಲಿ ಅರ್ಜಿ ಕೊಟ್ಟು ವಾರಂಟಿಯನ್ನೂ ವರ್ಗ ಮಾಡಿಸಿಕೊಳ್ಳಬೇಕು. ಇದನ್ನು ಮರೆತವರು ಅನೇಕರು.

ಎರಡನೆಯದು ಕಂಪನಿಗಳು ನಡೆಸುವ ಹಳೆಯ ಕಾರುಗಳ ಮಳಿಗೆಗಳಲ್ಲಿ ದೊರೆಯುವುದು. ಮಾರುತಿಯ ಟ್ರೂ ವ್ಯಾಲ್ಯೂ ಮಳಿಗೆಗಳು ತಾವು ಪರೀಕ್ಷಿಸಿ ದೃಢೀಕರಿಸಿದ ಗಾಡಿಗಳಿಗೆ 1 ವರ್ಷದವರೆಗಿನ ವಾರಂಟಿಯನ್ನೂ 3 ಉಚಿತ ಸರ್ವಿಸುಗಳನ್ನೂ ಕೊಡುವುದು ಇದಕ್ಕೆ ಉದಾಹರಣೆ. ಅದೇ ಅಂಗಳದಲ್ಲಿ ನಿಂತ ಎಲ್ಲ ಗಾಡಿಗಳೂ ದೃಢೀಕೃತವಲ್ಲವೆಂಬುದನ್ನು ಮರೆಯಕೂಡದು.

ಮೂರನೆಯದು, ಕಾರು ತಯಾರಿಸದ, ಮಾರದ ಹೊರಗಿನ ಸಂಸ್ಥೆಗಳು ಮಾರುವ ಕರಾರು. ಏಜೆಂಟರ ಮೂಲಕ ಬರುವುದು ಹೆಚ್ಚಾಗಿ ಇದೇ. ಇವುಗಳಲ್ಲಿ ಪ್ರಾಮಾಣಿಕವಾದವೂ ಉಂಟು. ಆದರೆ ವರ್ಷಾಂತರದಲ್ಲಿ ಸಂಸ್ಥೆಯೇ ಮುಚ್ಚಿದರೆ ಕಾಗದಕ್ಕೆ ಬೆಲೆಯಿಲ್ಲ. ಒಟ್ಟು ಇಷ್ಟೇ ರೂಪಾಯಿ ಕೊಡುವೆವೆಂಬ ಮಿತಿ, ಮೊದಲ ಕೆಲವು ದಿನ ಏನೂ ಸಲ್ಲದೆಂಬ ನಿಬಂಧನೆ, ಬಿಡಿಭಾಗದ ಬೆಲೆಯಲ್ಲಿ ಒಡೆಯನೂ ಪಾಲು ಕೊಡಬೇಕೆಂಬ ಷರತ್ತು ಇವುಗಳಲ್ಲಿ ಸಾಮಾನ್ಯ. ಬರಿಯ ಅಂಗಡಿಯವನ ರಸೀದಿಯ ಹಿಂಬದಿಯಲ್ಲಿ ಬರೆದುಕೊಟ್ಟ ಖಾತರಿಗಂತೂ ಅವನ ಸನ್ನಡತೆಯೊಂದೇ ಆಧಾರ.

ನೆಲ ಕೆಡಿಸುವುದು ಒಂದು, ಕಾಗದ ಕಾಯುವುದು ಇನ್ನೊಂದು

ಈ ವಿಷಯದ ಹೃದಯವಿರುವುದು ಇಲ್ಲಿ. ವಾರಂಟಿಯು ಸಾಮಾನ್ಯವಾಗಿ ಹೊಣೆ ಹೊರುವುದು ಯಂತ್ರಭಾಗಗಳ ಮತ್ತು ವಿದ್ಯುದ್ಭಾಗಗಳ ಆಕಸ್ಮಿಕ ವೈಫಲ್ಯಕ್ಕೆ: ಇಂಜಿನ್ನಿನ ಒಳಭಾಗಗಳು, ಗೇರ್‌ಬಾಕ್ಸು, ಟರ್ಬೋ, ಇಂಜೆಕ್ಟರು, ಇ.ಸಿ.ಯು. ಎಂಬ ನಿಯಂತ್ರಣ ಘಟಕ, ಪವರ್ ಸ್ಟೇರಿಂಗು, ಎ.ಸಿ.ಯ ಕಂಪ್ರೆಸರು, ಆಲ್ಟರ್ನೇಟರು, ಸ್ಟಾರ್ಟರ್ ಮೋಟಾರು ಮೊದಲಾದವು. ಬಳಕೆಯಿಂದ ಸವೆಯುವ ಭಾಗಗಳಿಗೆ ಅದು ಹೊಣೆಯಲ್ಲ: ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಟೈರು, ಬ್ಯಾಟರಿ, ಬೆಲ್ಟು, ರಬ್ಬರಿನ ಬುಶ್ಶು ಮತ್ತು ಕೊಳವೆ, ವೈಪರು, ಬಲ್ಬು, ಫಿಲ್ಟರು, ಆಯಿಲು, ಎ.ಸಿ.ಯ ಗ್ಯಾಸು. ಹಲವು ಕರಾರುಗಳಲ್ಲಿ ಷಾಕ್ ಅಬ್ಸಾರ್ಬರೂ ಈ ಎರಡನೆಯ ಪಟ್ಟಿಗೇ ಸೇರುತ್ತದೆ.

ಈಗ ಎರಡನೆಯ ಪಟ್ಟಿಯನ್ನು ನಮ್ಮ ಸೀಮೆಯ ರಸ್ತೆಗಳ ಪಕ್ಕದಲ್ಲಿಟ್ಟು ನೋಡಬೇಕು. ಅಲೆಗಟ್ಟಿದ ಡಾಂಬರು ಮೊದಲು ತಿನ್ನುವುದು ಸಸ್ಪೆನ್ಷನ್ನಿನ ಬುಶ್ಶುಗಳನ್ನು, ಬಾಲ್‌ಜಾಯಿಂಟುಗಳನ್ನು. ಸಿಮೆಂಟ್ ಲಾರಿಗಳ ಸಾಲಿನ ಹಿಂದೆ ಮೊದಲ ಗೇರು, ಎರಡನೆಯ ಗೇರುಗಳಲ್ಲಿ ತೆವಳುವ ಪಯಣ ಸವೆಯಿಸುವುದು ಕ್ಲಚ್ಚನ್ನು. ಧೂಳು ಕಟ್ಟುವುದು ಫಿಲ್ಟರನ್ನು. ಬಿಸಿಲು ಕೊಲ್ಲುವುದು ಬ್ಯಾಟರಿಯನ್ನು, ಕೊಳವೆಗಳನ್ನು. ಎಂದರೆ, ಈ ನೆಲದಲ್ಲಿ ಮೇಲಿಂದ ಮೇಲೆ ಕೆಡುವುದರಲ್ಲಿ ಬಹುಪಾಲು ವಾರಂಟಿಯ ಹೊರಗಿನದು. ವಾರಂಟಿಯ ಒಳಗಿರುವುದು ಅಪರೂಪಕ್ಕೆ ಕೆಡುವಂಥದು, ಆದರೆ ಕೆಟ್ಟರೆ ಮನೆಯ ಲೆಕ್ಕವನ್ನೇ ತಲೆಕೆಳಗು ಮಾಡುವಂಥದು. ಈ ಭೇದವನ್ನು ಮನಗಂಡವನು, ಕಾಗದವನ್ನು ಕೊಂಡರೂ ಬಿಟ್ಟರೂ, ಮೋಸಹೋಗುವುದಿಲ್ಲ.

ಇನ್ನು ಕೆಲವು ಸಂದರ್ಭಗಳಲ್ಲಿ, ಪಟ್ಟಿಯಲ್ಲಿರುವ ಭಾಗ ಕೆಟ್ಟರೂ ಹಣ ಬಾರದು. ಉಷ್ಣಮಾಪಕದ ಕೆಂಪು ಸೂಚನೆಯನ್ನು ಕಂಡೂ ಊರು ಮುಟ್ಟಿಸಿಬಿಡೋಣವೆಂದು ಓಡಿಸಿ ಇಂಜಿನ್ ಸುಟ್ಟರೆ ಅದು ಒಡೆಯನ ಅಲಕ್ಷ್ಯವೆನಿಸುತ್ತದೆ. ಹೊರಗೆ ಕೂರಿಸಿದ ಗ್ಯಾಸ್ ಕಿಟ್ಟು, ಕತ್ತರಿಸಿ ಜೋಡಿಸಿದ ವೈರಿಂಗು ಖಾತರಿಯನ್ನು ಕಳೆಯಬಹುದು. ಸ್ವಂತ ಬಳಕೆಯ ಗಾಡಿಯನ್ನು ಬಾಡಿಗೆಗೆ ಓಡಿಸಿದ್ದು ತಿಳಿದರೆ ಕರಾರು ಬಿದ್ದುಹೋಗುತ್ತದೆ. ನೆರೆಯ ನೀರು ಹೊಕ್ಕ ಗಾಡಿಗೆ ವಾರಂಟಿಯಿಲ್ಲ; ಅದು ಸಮಗ್ರ ವಿಮೆಯ ವಿಷಯ. 2020ರ ಅಕ್ಟೋಬರಿನಲ್ಲಿ ಹೈದರಾಬಾದು ಜಲಮಯವಾದದ್ದೂ, ಅದೇ ತಿಂಗಳಲ್ಲಿ ಭೀಮೆ, ಕಾಗಿಣೆಗಳು ಉಕ್ಕಿ ಹರಿದದ್ದೂ ನೆನಪಿರುವವರು, ಅದಕ್ಕೆ ಮುಂಚಿನ ಗಾಡಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮೊದಲು ನೆಲಹಾಸನ್ನೆತ್ತಿ ತುಕ್ಕನ್ನೂ, ಸೀಟಿನ ಬೆಲ್ಟನ್ನು ಪೂರ್ತಿ ಎಳೆದು ಕೆಸರಿನ ಗೆರೆಯನ್ನೂ ಹುಡುಕುವುದು ವಿಹಿತ. ಕೊಳ್ಳುವ ದಿನವೇ ಇದ್ದ ದೋಷಕ್ಕೆ ಇಂಥ ಕಾಗದಗಳು ಸಾಮಾನ್ಯವಾಗಿ ಹೊಣೆಯಾಗುವುದಿಲ್ಲವೆಂಬುದು ಇವೆಲ್ಲಕ್ಕೂ ತಳಹದಿಯಾದ ನಿಯಮ.

ದೂರದ ಲೆಕ್ಕ

ಬೆಂಗಳೂರಿನವನಿಗೆ ಬಾರದ ಕಷ್ಟವೊಂದು ನಮ್ಮವರಿಗುಂಟು. ತಯಾರಕರ ದೊಡ್ಡ ವರ್ಕ್‌ಶಾಪುಗಳು ಇರುವುದು ಕಲಬುರಗಿಯಲ್ಲಿ. ಶಹಾಬಾದಿನಿಂದ ಅದು ಹತ್ತಿರ. ಸೇಡಂನಿಂದ ಸುಮಾರು 50 ಕಿಲೋಮೀಟರು. ಚಿಂಚೋಳಿಯಿಂದ ಸುಮಾರು 80. ವಾರಂಟಿ ಊರ್ಜಿತವಾಗಿರಬೇಕಾದರೆ ಹೇಳಿದ ಕಾಲಕ್ಕೆ, ಹೇಳಿದ ಕಡೆಯಲ್ಲೇ ಸರ್ವಿಸು ಮಾಡಿಸಬೇಕು. ಒಂದು ಸರ್ವಿಸು ತಪ್ಪಿದರೂ ತಕರಾರಿಗೆ ದಾರಿ. ಪ್ರತಿ ಸಲವೂ ಒಂದು ದಿನದ ಕೆಲಸ ಬಿಡಬೇಕು, ಹೋಗಿಬರುವ ಪೆಟ್ರೋಲನ್ನು ಲೆಕ್ಕಕ್ಕೆ ಹಿಡಿಯಬೇಕು.

ಇದಕ್ಕಿಂತ ಗಂಭೀರವಾದದ್ದು, ಮುಂಚಿತವಾಗಿ ಅನುಮತಿ ಪಡೆಯದೆ ಯಾರೂ ಯಂತ್ರವನ್ನು ಬಿಚ್ಚಬಾರದೆಂಬ ಷರತ್ತು. ಚಿಂಚೋಳಿಯ ಕಾಡಿನ ದಾರಿಯಲ್ಲಿ ಸಂಜೆಯ ಹೊತ್ತು ಗಾಡಿ ನಿಂತಿತೆಂದರೆ, ಹೆಂಡತಿಮಕ್ಕಳೊಂದಿಗಿರುವ ಮನುಷ್ಯನು ಮಾಡುವ ಮೊದಲ ಕೆಲಸ ಸಮೀಪದ ಊರಿನ ಮಿಸ್ತ್ರಿಗೆ ಫೋನು ಮಾಡುವುದು. ಆ ಮಿಸ್ತ್ರಿಯು ಸದುದ್ದೇಶದಿಂದ ಬಿಚ್ಚಿದ ಒಂದು ಬೋಲ್ಟು, ಕರಾರಿನ ಕಣ್ಣಿನಲ್ಲಿ ಖಾತರಿಯ ಅಂತ್ಯವಾಗಬಹುದು. ಆದುದರಿಂದ ಗಾಡಿಯನ್ನು ಎಳೆದೊಯ್ಯುವ ಖರ್ಚು ಕರಾರಿನಲ್ಲಿ ಸೇರಿದೆಯೆ, ಎಷ್ಟು ದೂರದವರೆಗೆ ಸೇರಿದೆ ಎಂಬುದು ಚಿಂಚೋಳಿಯವನಿಗೆ ಇಂಜಿನ್ನಿನಷ್ಟೇ ಮುಖ್ಯವಾದ ಪ್ರಶ್ನೆ. ವರ್ಕ್‌ಶಾಪಿನಲ್ಲಿ ಬಿಚ್ಚಿ ನೋಡಿದ ಮೇಲೆ ಈ ದೋಷ ಖಾತರಿಗೆ ಸಲ್ಲದೆಂದು ತೀರ್ಮಾನವಾದರೆ ಆ ಬಿಚ್ಚಿದ ಕೂಲಿಯನ್ನು ಯಾರು ಕೊಡಬೇಕೆಂಬುದನ್ನೂ ಕೇಳಿ ತಿಳಿದಿರಬೇಕು.

ಹಣದ ಲೆಕ್ಕ

ಲೆಕ್ಕಕ್ಕಾಗಿ ಹೀಗೆ ಭಾವಿಸೋಣ: ಒಂದು ವರ್ಷದ ವಾರಂಟಿಗೆ ಶೇಕಡಾ 18ರ ಜಿ.ಎಸ್.ಟಿ.ಯೂ ಸೇರಿ 15,000 ರೂಪಾಯಿ. ವಾರಂಟಿಗೆ ಸಲ್ಲುವ ದೊಡ್ಡ ರಿಪೇರಿಯೊಂದಕ್ಕೆ 60,000 ರೂಪಾಯಿ. ಆ ವರ್ಷದಲ್ಲಿ ಅಂಥ ರಿಪೇರಿ ಬರುವ ಸಂಭವ ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚಾಗಿದ್ದರೆ ಕಾಗದ ಲಾಭಕರ, ಕಡಿಮೆಯಾಗಿದ್ದರೆ ನಷ್ಟಕರ. ಅಧಿಕೃತ ವರ್ಕ್‌ಶಾಪಿನ ಹೆಚ್ಚುವರಿ ಖರ್ಚೂ ಓಡಾಟವೂ ಸೇರಿ ಇನ್ನು 5,000 ರೂಪಾಯಿ ಬಿದ್ದರೆ, ಸಮತೂಕದ ಬಿಂದು ಮೂರರಲ್ಲೊಂದಕ್ಕೆ ಸರಿಯುತ್ತದೆ. ಚೆನ್ನಾಗಿ ನೋಡಿಕೊಂಡ ಗಾಡಿಯಲ್ಲಿ ಗೇರ್‌ಬಾಕ್ಸೋ ಟರ್ಬೋ ಮೂರು ವರ್ಷಕ್ಕೊಮ್ಮೆ ಕೆಡುವುದೆಂದು ಯಾರೂ ಹೇಳಲಾರರು. ಕಾಗದ ಮಾರುವ ಸಂಸ್ಥೆಯು ಎಲ್ಲರಿಂದ ಕೂಡಿಸಿದ ಹಣದಲ್ಲಿ ತನ್ನ ಖರ್ಚು, ಏಜೆಂಟನ ಕಮಿಷನ್ನು, ಲಾಭಗಳನ್ನು ಕಳೆದು ಉಳಿದದ್ದರಿಂದಲೇ ರಿಪೇರಿಗಳನ್ನು ಮಾಡಿಸಬೇಕಷ್ಟೆ. ಆದುದರಿಂದ ಸರಾಸರಿಯಲ್ಲಿ ಕೊಳ್ಳುವವನು ಕೊಟ್ಟದ್ದು ಪಡೆದದ್ದಕ್ಕಿಂತ ಅಧಿಕವೇ ಆಗಿರಬೇಕು.

ಹಾಗಾದರೆ ಯಾರೂ ಕೊಳ್ಳಬಾರದೆ? ಹಾಗಲ್ಲ. ವಿಮೆಯ ಧರ್ಮವೇ ಬೇರೆ. ಅದು ಲಾಭಕ್ಕಾಗಿ ಮಾಡುವುದಲ್ಲ. ತಾಳಲಾರದ ಪೆಟ್ಟನ್ನು ತಾಳಬಹುದಾದ ಕಂತಾಗಿ ಮಾರ್ಪಡಿಸುವುದು ಅದರ ಪ್ರಯೋಜನ. ತಿಂಗಳಿಗೊಮ್ಮೆ ನಿಶ್ಚಿತ ಸಂಬಳ ಬರುವವನು 60,000 ರೂಪಾಯಿಯ ಹೊಡೆತವನ್ನು ಸಾಲ ಮಾಡಿಯಾದರೂ ಕೆಲವು ತಿಂಗಳಲ್ಲಿ ತೀರಿಸಬಲ್ಲನು. ವರ್ಷದ ಆದಾಯವೆಲ್ಲ ಚಳಿಗಾಲದ ತೊಗರಿಯ ಮೇಲೆ ನಿಂತಿರುವ ರೈತನಿಗೆ ಅದೇ ಹೊಡೆತ ಬಿತ್ತನೆಯ ಜೂನ್ ತಿಂಗಳಲ್ಲಿ ಬಿದ್ದರೆ, ಗಾಡಿಯೋ ಬೀಜಗೊಬ್ಬರವೋ ಎಂಬ ಇಕ್ಕಟ್ಟು. ಒಂದೇ ಗಾಡಿ, ಒಂದೇ ಕಾಗದ. ಆದರೂ ಇಬ್ಬರ ಪಾಲಿಗೆ ಅದರ ಮೌಲ್ಯ ಒಂದೇ ಅಲ್ಲ.

ಮೂವರು ಕೊಳ್ಳುವವರು

ಈ ಲೆಕ್ಕವನ್ನು ಮೂವರು ಕಲ್ಪಿತ ವ್ಯಕ್ತಿಗಳಿಗೆ ಅನ್ವಯಿಸಿ ನೋಡೋಣ.

ಚಿತ್ತಾಪುರದ ಮಾಸ್ತರರೊಬ್ಬರು 9 ವರ್ಷದ, ಕೈಗೇರಿನ, ಟರ್ಬೋ ಇಲ್ಲದ ಸಣ್ಣ ಪೆಟ್ರೋಲ್ ಕಾರನ್ನು ಕೊಳ್ಳುತ್ತಾರೆ. ತಯಾರಕನ ವಾರಂಟಿ ಎಂದೋ ಮುಗಿದಿದೆ. ದೊರೆಯುವುದು ಹೊರಗಿನ ಸಂಸ್ಥೆಯ ಕಾಗದ ಮಾತ್ರ. ಈ ಗಾಡಿಯ ಯಂತ್ರ ಸರಳ, ಬಿಡಿಭಾಗಗಳು ಅಗ್ಗ, ಊರಿನ ಮಿಸ್ತ್ರಿಗೆ ಅದರ ನರನಾಡಿಗಳೆಲ್ಲ ಪರಿಚಿತ. ಇವರು ವಾರಂಟಿಯನ್ನು ಬಿಟ್ಟು, ಆ ಹಣವನ್ನು ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಗಾಡಿಯ ಹೆಸರಿಗೇ ಮೀಸಲಿಡುವುದು ಲೇಸು. ರಿಪೇರಿ ಬಂದರೆ ಅದು ಒದಗುತ್ತದೆ. ಬಾರದಿದ್ದರೆ ಹಣ ಅವರದೇ.

ವಾಡಿಯ ಕಾರ್ಖಾನೆಯ ನೌಕರನೊಬ್ಬನು ಹೈದರಾಬಾದಿನಿಂದ 3 ವರ್ಷದ, ಆಟೋಮ್ಯಾಟಿಕ್ ಗೇರಿನ, ಟರ್ಬೋ ಪೆಟ್ರೋಲ್ ಕಾರನ್ನು ತರುತ್ತಾನೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ನಿಯಮದ ನಂತರದ ಗಾಡಿಗಳಲ್ಲಿ ಸಂವೇದಕಗಳೂ ನಿಯಂತ್ರಣ ಘಟಕಗಳೂ ವಿಪುಲ. ಅವುಗಳ ದುರಸ್ತಿ ಊರಿನ ಗ್ಯಾರೇಜಿನ ಶಕ್ತಿಗೆ ಮೀರಿದ್ದು, ಬೆಲೆಯೂ ದೊಡ್ಡದು. ಕಲಬುರಗಿಯು ಆತನಿಗೆ ರೈಲಿನಲ್ಲಾದರೂ ರಸ್ತೆಯಲ್ಲಾದರೂ ಸುಲಭಗಮ್ಯ. ತಯಾರಕನ ವಿಸ್ತರಣೆ ದೊರೆಯುವಂತಿದ್ದರೆ ಅವನು ಅವಶ್ಯವಾಗಿ ಕೊಳ್ಳಬೇಕು. ಮೂಲ ವಾರಂಟಿಯ ಕೊನೆಯ ದಿನ ಯಾವುದೆಂದು ಚಾಸಿಸ್ ಸಂಖ್ಯೆ ಕೊಟ್ಟು ವಿಚಾರಿಸಿ, ಆ ದಿನ ದಾಟುವ ಮೊದಲೇ ವ್ಯವಹಾರವನ್ನು ಮುಗಿಸಬೇಕು.

ಚಿಂಚೋಳಿಯ ತೊಗರಿ ಬೆಳೆಗಾರನೊಬ್ಬನು 6 ವರ್ಷದ ದೊಡ್ಡ ಡೀಸೆಲ್ ಗಾಡಿಯ ಮೇಲೆ ಮನಸ್ಸಿಟ್ಟಿದ್ದಾನೆ. ದಿಲ್ಲಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ನಿರ್ಬಂಧ ಬಂದಾಗ ಅಲ್ಲಿನ ಗಾಡಿಗಳು ಅಗ್ಗವಾಗಿ ದಕ್ಷಿಣಕ್ಕೆ ಬರತೊಡಗಿದ್ದೂ ಅವನ ಆಸೆಗೆ ಕಾರಣ. ಇಲ್ಲಿ ತೀರ್ಮಾನ ಕಠಿಣ. ಗಾಡಿ ಕೆಟ್ಟರೆ ದೊಡ್ಡ ಖರ್ಚು, ವರ್ಕ್‌ಶಾಪು ದೂರ, ದೊರೆಯುವ ಕಾಗದವೋ ಬಹುಶಃ ಹೊರಗಿನದು. ಇವನಿಗೆ ಉಚಿತವಾದ ಸಲಹೆ, ವಾರಂಟಿಗಿಂತ ಮೊದಲು ಗಾಡಿಯ ಆಯ್ಕೆಯನ್ನೇ ಮರುವಿಚಾರ ಮಾಡುವುದು. ಅದೇ ಬೇಕೆಂದರೆ, ಎಳೆದೊಯ್ಯುವ ವೆಚ್ಚ ಸೇರಿರುವ, ಮಿತಿಯ ಮೊತ್ತ ದೊಡ್ಡದಿರುವ, ಕಲಬುರಗಿಯಲ್ಲೇ ಸಲ್ಲುವ ಕರಾರನ್ನು ಮಾತ್ರ ಒಪ್ಪುವುದು.

ಕಾಗದಕ್ಕೆ ಮುನ್ನ ಮಾಡತಕ್ಕದ್ದು

ಜಾತ್ರೆಯಲ್ಲಿ ಎತ್ತು ಕೊಳ್ಳುವ ಒಕ್ಕಲಿಗನು ಹಲ್ಲೆಣಿಸದೆ, ನಡೆಸಿ ನೋಡದೆ, ಗೊರಸು ಮುಟ್ಟದೆ ಹಣ ಎಣಿಸನು; ಕಾರಿನ ವಿಷಯದಲ್ಲೂ ಆ ವಿವೇಕವೇ ಮೊದಲ ಖಾತರಿ. ನಂಬಿಕೆಯ ಮಿಸ್ತ್ರಿಗೆ ತಕ್ಕ ಕೂಲಿ ಕೊಟ್ಟು, ಬೆಳಗಿನ ಹೊತ್ತು ತಣ್ಣಗಿರುವ ಇಂಜಿನ್ನನ್ನು ಚಾಲೂ ಮಾಡಿಸಿ, ಗಾಡಿಯನ್ನು ಲಿಫ್ಟಿಗೇರಿಸಿ ಅಡಿಭಾಗವನ್ನು ತೋರಿಸಬೇಕು. ಅಧಿಕೃತ ವರ್ಕ್‌ಶಾಪಿನಲ್ಲಿ ಹಿಂದಿನ ಸರ್ವಿಸುಗಳ ದಾಖಲೆ ಕೇಳಿ, ಅಲ್ಲಿ ಬರೆದ ಕಿಲೋಮೀಟರುಗಳನ್ನು ಮೀಟರಿನೊಂದಿಗೆ ಹೋಲಿಸಬೇಕು. ಮೀಟರನ್ನು ಹಿಂದಕ್ಕೆ ತಿರುಗಿಸಿದ್ದರೆ ಇಲ್ಲಿ ಬಯಲಾಗುತ್ತದೆ. ತಯಾರಿಕೆಯ ದೋಷಕ್ಕಾಗಿ ಕಂಪನಿ ಗಾಡಿಗಳನ್ನು ಹಿಂದಕ್ಕೆ ಕರೆಸಿಕೊಂಡಿದ್ದರೆ ಆ ದುರಸ್ತಿ ಉಚಿತ. ಚಾಸಿಸ್ ಸಂಖ್ಯೆಯಿಂದ ಅದನ್ನೂ ವಿಚಾರಿಸಬಹುದು.

ದಾಖಲೆಗಳ ಕಡೆಗೂ ಅಷ್ಟೇ ಲಕ್ಷ್ಯ ಬೇಕು. 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ಡೀಲರರು ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆದಿರಬೇಕೆಂಬ ನಿಯಮ ಬಂದಿದೆ. ಅದನ್ನು ಕೇಳಿ ನೋಡಬೇಕು. ತೆಲಂಗಾಣದ ಅಥವಾ ಮಹಾರಾಷ್ಟ್ರದ ಗಾಡಿಯಾದರೆ ಅಲ್ಲಿಯ ನಿರಾಕ್ಷೇಪಣಾ ಪತ್ರ, ಸಾಲವಿದ್ದರೆ ಬ್ಯಾಂಕಿನ ಋಣಮುಕ್ತಿ, ಇಲ್ಲಿಯ ಆಜೀವ ತೆರಿಗೆ ಇವೆಲ್ಲ ಬೆಲೆಗೆ ಸೇರುವ ಬಾಬುಗಳು. ಕೊಂಡವನು 30 ದಿನಗಳೊಳಗೆ ಹೆಸರಿನ ವರ್ಗಾವಣೆಗೆ ಅರ್ಜಿ ಕೊಡಬೇಕು. ವಿಮೆಯನ್ನೂ ಹೆಸರಿಗೆ ಮಾಡಿಸಿಕೊಳ್ಳಬೇಕು. ಆರ್.ಸಿ. ಒಬ್ಬರ ಹೆಸರಿನಲ್ಲಿದ್ದು ವಾರಂಟಿ ಇನ್ನೊಬ್ಬರ ಹೆಸರಿನಲ್ಲಿದ್ದರೆ ಪ್ರಯೋಜನವಿಲ್ಲ.

ಕೊಟ್ಟ ಮಾತು ನಡೆಯದಿದ್ದರೆ, 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಕೊಂಡವನಿಗೆ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಎಂದರೆ ಕಲಬುರಗಿಯಲ್ಲೇ, ದೂರು ಕೊಡುವ ಹಕ್ಕನ್ನು ಕೊಟ್ಟಿದೆ. ತೆತ್ತ ಬೆಲೆ 5 ಲಕ್ಷ ರೂಪಾಯಿಯನ್ನು ಮೀರದಿದ್ದರೆ ಶುಲ್ಕವಿಲ್ಲ, 2 ವರ್ಷದೊಳಗೆ ದೂರು ದಾಖಲಾಗಬೇಕು. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಉಂಟು. ಆದರೆ ವಾರಂಟಿಯ ಬಲ ಅದರ ಬರಹದಷ್ಟೇ: ಮಾರುತಿ ಉದ್ಯೋಗ್ ಕಂಪನಿಯ ಪ್ರಕರಣವೊಂದರಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು, ಕರಾರು ದೋಷಯುಕ್ತ ಭಾಗವನ್ನು ಬದಲಿಸಿಕೊಡುವುದಕ್ಕೆ ಮಾತ್ರ ಸೀಮಿತವಾಗಿದ್ದರೆ ಇಡೀ ಕಾರನ್ನು ಬದಲಿಸಿಕೊಡಿರೆಂದು ಕೇಳಲಾಗದೆಂದು ನಿರ್ಣಯಿಸಿತು. ಬಾಯಿಮಾತಿನಲ್ಲಿ ಹೇಳಿದ ‘ಏನೇ ಆದರೂ’ ಎಂಬುದಕ್ಕೆ ಬರಹದಲ್ಲಿ ಸ್ಥಾನವಿಲ್ಲದಿದ್ದರೆ ನ್ಯಾಯಾಲಯದಲ್ಲೂ ಸ್ಥಾನ ಸಿಗುವುದು ಕಷ್ಟ.

ಇಷ್ಟೆಲ್ಲ ವಿಚಾರದ ಫಲಿತಾರ್ಥವನ್ನು ಸಂಗ್ರಹಿಸಿ ಹೇಳುವುದಾದರೆ: ಗಾಡಿ ಎಳೆಯದು, ಯಂತ್ರ ಜಟಿಲ, ಕಾಗದ ತಯಾರಕನದು, ವರ್ಕ್‌ಶಾಪು ಕೈಗೆಟಕುವಷ್ಟು ಸಮೀಪ ಎಂಬ ನಾಲ್ಕೂ ಕೂಡಿದಲ್ಲಿ ವಿಸ್ತರಿತ ವಾರಂಟಿಯನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಗಾಡಿ ಹಳೆಯದು, ಯಂತ್ರ ಸರಳ ಎಂದಾದಲ್ಲಿ ಕಾಗದವನ್ನು ಬಿಟ್ಟು ಹಣವನ್ನು ಕೂಡಿಡಬೇಕು. ಇವೆರಡರ ನಡುವೆ ಬೀಳುವವರು ಕರಾರಿನ ಪ್ರತಿಯನ್ನು ಒಂದು ದಿನ ಮುಂಚಿತವಾಗಿ ಮನೆಗೆ ತಂದು, ಸೇರದ ಭಾಗಗಳ ಪಟ್ಟಿಯನ್ನು ಮೊದಲು ಓದಿ, ಅರ್ಥವಾಗದ್ದನ್ನು ಬಲ್ಲವರಿಂದ ಕೇಳಿ ತಿಳಿದು, ಆಮೇಲೆ ಸಹಿ ಮಾಡಲಿ. ಒಂದು ದಿನ ಓದಲು ಕೊಡದ ಕಾಗದಕ್ಕೆ ಯಾರೂ ಸಹಿ ಮಾಡಬಾರದು.